ನಂಬರ್ 1010: ಸ್ಕಾಟ್ಲೆಂಡಿನ ಮಿಷನ್ನು, ಚೆಂಗಲ್ಪಟ್ಟಿನ ಕೇರಿ, ನಮ್ಮ ಕೂಡ್ಲಿಗಿಯ ಪಹಣಿ

ಇದು ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ. ಮನೆಯಲ್ಲಿ ಜಮೀನಿನ ತಕರಾರು ಇರೋರು ಕೊನೆ ತನಕ ಓದಲೇಬೇಕು.

ಮಿಷನರಿಗಳ ವಿಷಯ ಬಂದ್ರೆ ನಮ್ಮ ಕಡೆ ಎರಡೇ ಥರದ ಮಾತು ಕೇಳಿಸ್ತವೆ. ಅಕ್ಕಿ, ಬ್ರೆಡ್ಡು ತೋರಿಸಿ ಜಾತಿ ಕೆಡಿಸಿದ್ರು ಅನ್ನೋದು ಒಂದು. ಅವರು ಬರದೇ ಇದ್ದಿದ್ರೆ ನಮಗೆ ಅಕ್ಷರಾನೇ ಸಿಗ್ತಿರಲಿಲ್ಲ ಅನ್ನೋದು ಇನ್ನೊಂದು. ಮೊದಲನೇ ಮಾತು ಹೇಳೋರು ನಮ್ಮ ಕೇರಿ ಒಳಗೆ ಒಂದಿನ ಕಾಲಿಟ್ಟವರಲ್ಲ, ಅವರನ್ನ ಬಿಡಿ. ಎರಡನೇದು ಹೇಳೋರು ನಮ್ಮವರೇ, ಅವರ ಜೊತೆ ಸ್ವಲ್ಪ ಮಾತಾಡಬೇಕು. ನಾನು ಕಚೇರಿ ಗುಮಾಸ್ತ. ಯಾರು ಏನು ಹೇಳಿದ್ರೂ 'ಕಾಗದ ಎಲ್ಲಿದೆ?' ಅಂತ ಕೇಳೋದು ರೂಢಿಯಾಗಿಬಿಟ್ಟಿದೆ. ಮಿಷನ್ನಿನವರು ನಮ್ಮ ಜನಕ್ಕೆ ಅಂತ ಬಿಟ್ಟುಹೋದ ಕಾಗದ ಯಾವುದು ಅಂತ ಹುಡುಕಿದ್ರೆ, ನನ್ನ ಪ್ರಕಾರ ಬೈಬಲ್ಲಿಗಿಂತ ಮುಖ್ಯವಾದ್ದು ಒಂದು ಸರ್ಕಾರಿ ಆದೇಶ. ಮದ್ರಾಸ್ ಸರ್ಕಾರದ ಕಂದಾಯ ಇಲಾಖೆ, ನಂಬರ್ 1010, ತಾರೀಖು 30 ಸೆಪ್ಟೆಂಬರ್ 1892. ತಮಿಳುನಾಡಿನ ನಮ್ಮ ಬಂಧುಗಳು ಇವತ್ತಿಗೂ 'ಪಂಚಮಿ ಭೂಮಿ' ಅಂತ ಹೋರಾಡ್ತಾರಲ್ಲ, ಅದರ ಬೇರು ಈ ಆದೇಶ.

ಕಾನಹೊಸಹಳ್ಳಿಗೂ ಮದ್ರಾಸಿಗೂ ಏನಣ್ಣ ಸಂಬಂಧ ಅಂತ ಕೇಳಬಹುದು. 1800ರಲ್ಲಿ ನಿಜಾಮ ನಮ್ಮ ಸೀಮೆನ ಕಂಪನಿಗೆ ಬಿಟ್ಟುಕೊಟ್ಟ. ಅವತ್ತಿಂದ 1953ರ ಸೆಪ್ಟೆಂಬರ್ ಮುಗಿಯೋ ತನಕ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಾ ಮದ್ರಾಸಿನ ಲೆಕ್ಕಕ್ಕೇ ಇದ್ದವು. 1953ರ ಅಕ್ಟೋಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ಆಮೇಲೆ ಹರಪನಹಳ್ಳಿ ದಾವಣಗೆರೆಗೆ ಹೋಗಿ ವಾಪಸ್ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಬೋರ್ಡು ಎಷ್ಟು ಸಲ ಬದಲಾದ್ರೂ ನಮ್ಮ ಅಜ್ಜಂದಿರಿಗೆ 1953ಕ್ಕಿಂತ ಮುಂಚೆ ಜಮೀನು ಸಿಕ್ಕಿದ್ರೆ ಅದು ಸಿಕ್ಕಿದ್ದು ಮದ್ರಾಸಿನ ಕಾನೂನಲ್ಲೇ.

ಮೊದಲು ಪ್ರೆಸ್ಬಿಟೇರಿಯನ್ ಅಂದ್ರೆ ಏನು ಅಂತ ನೋಡೋಣ. ಪ್ರೆಸ್ಬಿಟರ್ ಅಂದ್ರೆ ಹಿರಿಯ. ಸ್ಕಾಟ್ಲೆಂಡಿನ ಈ ಪಂಥದಲ್ಲಿ ಬಿಷಪ್ ಅನ್ನೋ ದೊಡ್ಡ ಧಣಿ ಇರಲ್ಲ. ಸಭೆಯಿಂದ ಆರಿಸಿಬಂದ ಹಿರಿಯರು ಮತ್ತು ಪಾದ್ರಿ ಕೂಡಿ ಆಡಳಿತ ನಡೆಸ್ತಾರೆ. ನಮ್ಮ ಊರುಗಳ ದೈವಸ್ಥರು ಕೂಡಿದಂಗೆ ಅಂದ್ಕೊಳ್ಳಿ, ಆರಿಸೋದು ಒಂದು ಫರಕು. ನಮ್ಮ ದೈವಸ್ಥರನ್ನ ಯಾರೂ ಆರಿಸಲ್ಲ, ಅವರು ಕಟ್ಟೆ ಮೇಲೆ ಕೂತಿದ್ದಾಗ ಕೇರಿಯವರು ಎಲ್ಲಿ ನಿಂತಿರ್ತಾರೆ ಅಂತ ನಿಮಗೆ ನಾನು ಹೇಳೋದು ಬೇಕಿಲ್ಲ.

ನಮ್ಮ ಬಳ್ಳಾರಿಗೆ ಬಂದದ್ದು ನೇರವಾಗಿ ಈ ಪಂಥ ಅಲ್ಲ, ಅವರ ದಾಯಾದಿ. 1795ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಲಂಡನ್ ಮಿಷನರಿ ಸೊಸೈಟಿಯಲ್ಲಿ ಪ್ರೆಸ್ಬಿಟೇರಿಯನ್ನರೂ ಇದ್ರು, ಬರಬರ್ತಾ ಅದು ಕಾಂಗ್ರಿಗೇಷನಲ್ ಪಂಥದವರ ಕೈಗೆ ಬಂತು. ಅದರ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಅವನಿಗೆ ಹೋಗಬೇಕಾಗಿದ್ದು ಶ್ರೀರಂಗಪಟ್ಟಣಕ್ಕೆ, ಆದ್ರೆ ಬಳ್ಳಾರಿಲಿ ನೆಲೆ ನಿಂತ. ಬೈಬಲ್ಲನ್ನ ಕನ್ನಡಕ್ಕೆ ತಂದೋರಲ್ಲಿ ಅವನೇ ಮುಂದಾಳು. ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರಗೆ ತಂದ. ಕಿಟ್ಟೆಲ್ ಹೆಸರು ಎಲ್ಲರಿಗೂ ಗೊತ್ತು. ಅವನಿಗಿಂತ ಅರವತ್ತು ಎಪ್ಪತ್ತು ವರ್ಷ ಮುಂಚೆ ನಮ್ಮ ಬಿಸಿಲುನಾಡಲ್ಲಿ ಕೂತು ಪದ ಹೆಕ್ಕಿದ ರೀವ್ ಹೆಸರು ಬಳ್ಳಾರಿಯವರಿಗೇ ಗೊತ್ತಿಲ್ಲ. 1846ರಲ್ಲಿ ಶುರುವಾದ ವಾರ್ಡ್ಲಾ ಶಾಲೆ ಮುಂದೆ ಕಾಲೇಜೂ ಆಯ್ತು. ನಮ್ಮ ಜಿಲ್ಲೆಯ ವಕೀಲರು, ನಾಟಕದೋರು, ಅಧಿಕಾರಿಗಳು ಎಷ್ಟೋ ಮಂದಿ ಅಲ್ಲೇ ಓದಿದ್ದು.

ಆ ಬೆಂಚಿನ ಮೇಲೆ ನಮ್ಮ ಮಾದಿಗರ, ಛಲವಾದಿಗಳ ಮಕ್ಕಳು ಎಷ್ಟು ಜನ ಕೂತಿದ್ರು? ಮಿಷನ್ ಶಾಲೆ ಅಂದ್ರೆ ದಲಿತರ ಶಾಲೆ ಅಂತ ಅಂದ್ಕೊಂಡಿರೋರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾಲದ ದೊಡ್ಡ ಮಿಷನ್ ಶಾಲೆಗಳು ಹುಡುಕಿದ್ದು ಬ್ರಾಹ್ಮಣರ, ಮೇಲ್ಜಾತಿಯವರ ಮಕ್ಕಳನ್ನ. ಈ ತತ್ವ ಕಟ್ಟಿದೋನೇ ಒಬ್ಬ ಸ್ಕಾಟಿಷ್ ಪ್ರೆಸ್ಬಿಟೇರಿಯನ್, ಅಲೆಕ್ಸಾಂಡರ್ ಡಫ್. 1830ರಲ್ಲಿ ಕಲ್ಕತ್ತಾದಲ್ಲಿ ಶಾಲೆ ತೆಗೆದ. ಮೇಲಿನೋರಿಗೆ ಇಂಗ್ಲಿಷ್ ವಿದ್ಯೆ ಕೊಟ್ರೆ ಅದು ತಾನಾಗೇ ಕೆಳಕ್ಕೆ ಇಳಿಯುತ್ತೆ ಅನ್ನೋದು ಅವನ ಲೆಕ್ಕ. ನಮ್ಮ ಕಡೆ ಚಾನಲ್ ನೀರು ಹೆಂಗೆ ಇಳಿಯುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ ಅನ್ಸುತ್ತೆ. ತಲೆಭಾಗದೋನು ತೂಬು ತಿರುಗಿಸಿಕೊಂಡ್ರೆ ಕೊನೆಭಾಗದ ಹೊಲಕ್ಕೆ ಬರೋದು ಬರೀ ಸುದ್ದಿ.

ಹಂಗಂತ ಎಲ್ಲಾರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮದ್ರಾಸಿನಲ್ಲಿ ಜಾನ್ ಆಂಡರ್ಸನ್ ಅಂತ ಇನ್ನೊಬ್ಬ ಸ್ಕಾಟಿಷ್ ಪಾದ್ರಿ 1837ರಲ್ಲಿ ಶಾಲೆ ತೆಗೆದ. ಈಗಿನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಮೂಲ ಅದು. ಮರುವರ್ಷವೇ ಅಲ್ಲಿ ಇಬ್ಬರು ಪರಯರ ಹುಡುಗರು ಇದ್ದಾರೆ ಅಂತ ಗೊತ್ತಾಗಿ ಮೇಲ್ಜಾತಿಯೋರು ಗಲಾಟೆ ಎಬ್ಬಿಸಿದ್ರು, ಅವರನ್ನ ಹೊರಗೆ ಹಾಕಿ ಅಂದ್ರು. ಆಂಡರ್ಸನ್ ಒಪ್ಪಲಿಲ್ಲ. ಬಹಳ ಹುಡುಗರು ಶಾಲೆ ಬಿಟ್ಟು ಹೋದ್ರು, ಹೋಗಲಿ ಅಂದ. ಆ ಇಬ್ಬರು ಹುಡುಗರ ಬಗ್ಗೆ ನಾನು ಎಷ್ಟೋ ಸಲ ಯೋಚನೆ ಮಾಡ್ತೀನಿ. ಅವರು ಹಣೆಗೆ ಜಾತಿಯವರ ನಾಮ ಇಟ್ಕೊಂಡು ಬಂದಿದ್ರಂತೆ. ಬಾಡಿಗೆ ಮನೆ ಹುಡುಕೋವಾಗ ಅಡ್ಡಹೆಸರು ಬದಲಾಯಿಸಿ ಹೇಳೋ ನಮ್ಮ ಹುಡುಗರಿಗೆ ಇದು ಹೊಸ ಕಥೆ ಅಲ್ಲ.

ಪುಣೆಯಲ್ಲೂ ಸ್ಕಾಟಿಷ್ ಮಿಷನ್ ಶಾಲೆ ಇತ್ತು. 1847ರ ತನಕ ಅಲ್ಲಿ ಓದಿದ ಒಬ್ಬ ಮಾಲಿ ಜಾತಿಯ ಹುಡುಗ ಮರುವರ್ಷ ಹೆಂಡತಿ ಜೊತೆ ಸೇರಿ ಹೆಣ್ಣುಮಕ್ಕಳ ಶಾಲೆ ತೆರೆದ. ಜೋತಿರಾವ್ ಫುಲೆ, ಸಾವಿತ್ರಿಬಾಯಿ. ಆಮೇಲೆ ಮಹಾರ್, ಮಾಂಗ್ ಮಕ್ಕಳಿಗೂ ಶಾಲೆ ಮಾಡಿದ್ರು. ಡಫ್ ಹೇಳಿದಂಗೆ ವಿದ್ಯೆ ತಾನಾಗಿ ಕೆಳಗೆ ಇಳಿಯಲಿಲ್ಲ. ಈ ಇಬ್ಬರು ಕಲ್ಲು, ಸಗಣಿ ಏಟು ತಿಂದು ಹೊತ್ತು ತಂದ್ರು.

ಈಗ ಈ ಮಿಷನ್ನಿನ ದುಡ್ಡಿನ ಕಥೆಗೆ ಬರ್ತೀನಿ. ನಮ್ಮ ಕ್ರೈಸ್ತ ಬಂಧುಗಳು ಬೇಜಾರು ಮಾಡ್ಕೋಬೇಡಿ, ಇದು ಇತಿಹಾಸ. 1843ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಒಡೆದು ಫ್ರೀ ಚರ್ಚ್ ಅಂತ ಹೊಸದು ಹುಟ್ಟಿತು. ಪಾದ್ರಿಯನ್ನ ಆರಿಸೋ ಹಕ್ಕು ಜಮೀನ್ದಾರನದ್ದಾ, ಸಭೆಯದ್ದಾ ಅನ್ನೋದೇ ಜಗಳ. ಜಮೀನ್ದಾರನ ಮಾತು ನಡೆಯಲ್ಲ ಅಂದೋರು ಸಂಬಳ, ಮನೆ, ಗುಡಿ ಎಲ್ಲಾ ಬಿಟ್ಟು ಎದ್ದು ಬಂದ್ರು. ಡಫ್, ಆಂಡರ್ಸನ್ ಎಲ್ಲಾ ಈ ಕಡೆಗೇ ಬಂದ್ರು. ಧೈರ್ಯದ ಕೆಲಸ, ಒಪ್ಪೋಣ. ಆದ್ರೆ ಕೈಯಲ್ಲಿ ದುಡ್ಡಿಲ್ಲ. 1844ರಲ್ಲಿ ಅಮೆರಿಕಕ್ಕೆ ನಿಯೋಗ ಹೋಗಿ ಚಂದಾ ಎತ್ತಿತು. ಸುಮಾರು ಮೂರು ಸಾವಿರ ಪೌಂಡು ಬಂತು, ಅದರಲ್ಲಿ ಗುಲಾಮರನ್ನ ಇಟ್ಕೊಂಡಿದ್ದ ದಕ್ಷಿಣದ ಧಣಿಗಳ ದುಡ್ಡೂ ಇತ್ತು. ಮನುಷ್ಯರನ್ನ ಮಾರಿ ಬಂದ ಕಾಸು.

ಆಗ ಎದ್ದು ನಿಂತೋನು ಫ್ರೆಡರಿಕ್ ಡಗ್ಲಾಸ್. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಓಡಿಬಂದ ಕರಿಯ ಮನುಷ್ಯ. 1846ರಲ್ಲಿ ಸ್ಕಾಟ್ಲೆಂಡಿನ ಊರೂರು ತಿರುಗಿ 'ಆ ದುಡ್ಡು ವಾಪಸ್ ಕಳಿಸಿ' ಅಂತ ಸಭೆ ಮಾಡಿದ. ಗೋಡೆ ಮೇಲೆ, ಬೀದಿಲಿ, ಹಾಡಲ್ಲಿ ಎಲ್ಲಾ ಕಡೆ ಅದೇ ಕೂಗು. ಫ್ರೀ ಚರ್ಚ್ ಕೊನೆಗೂ ಕಳಿಸಲಿಲ್ಲ. ಇಪ್ಪತ್ತೇಳು ವರ್ಷ ಆದ್ಮೇಲೆ, 1873ರಲ್ಲಿ, ಅದೇ ಸ್ಕಾಟಿಷ್ ಮಿಷನ್ ಶಾಲೆಲಿ ಓದಿದ್ದ ಫುಲೆ 'ಗುಲಾಮಗಿರಿ' ಬರೆದು, ಗುಲಾಮರನ್ನ ಬಿಡಿಸಿದ ಅಮೆರಿಕದ ಒಳ್ಳೇ ಜನರಿಗೆ ಅರ್ಪಣೆ ಮಾಡಿದ್ರು. ಆ ಚರ್ಚಿನ ಹಿರಿಯರಿಗೆ ಕೇಳಿಸದ ಮಾತು ಪುಣೆಯ ಒಬ್ಬ ಶೂದ್ರನಿಗೆ ಕೇಳಿಸಿತ್ತು.

ಇಂಥಾ ಮಿಷನ್ನು ಕೇರಿ ಕಡೆ ತಿರುಗಿದ್ದು ಹೆಂಗೆ? ಬಹಳ ಪುಸ್ತಕಗಳಲ್ಲಿ ಬಿಳಿ ಪಾದ್ರಿ ಕರುಣೆಯಿಂದ ಬಂದ ಅಂತ ಇರುತ್ತೆ. ನಡೆದಿದ್ದು ಬಹಳ ಕಡೆ ಉಲ್ಟಾ. ನಮ್ಮ ಜನ ಹೋಗಿ ಬಾಗಿಲು ಬಡಿದ್ರು. ಪಂಜಾಬಿನ ಸಿಯಾಲ್‌ಕೋಟಿನಲ್ಲಿ ಅಮೆರಿಕದ ಯುನೈಟೆಡ್ ಪ್ರೆಸ್ಬಿಟೇರಿಯನ್ ಮಿಷನ್ ಇತ್ತು, ಮೇಲ್ಜಾತಿಯೋರ ಹಿಂದೆ ಬಿದ್ದು ವರ್ಷಗಟ್ಟಲೆ ಸವೆಸಿದ್ರು. 1873ರಲ್ಲಿ ಡಿಟ್ಟ್ ಅನ್ನೋ ಮನುಷ್ಯ ಬಂದು ದೀಕ್ಷೆ ಕೊಡಿ ಅಂದ. ಚುಹ್ರಾ ಜಾತಿ, ಕಾಲು ಕುಂಟು, ಚರ್ಮದ ವ್ಯಾಪಾರ. ಪಾದ್ರಿಗೆ ಅನುಮಾನ, ಆದ್ರೂ ಇಲ್ಲ ಅನ್ನೋಕೆ ಕಾರಣ ಸಿಗಲಿಲ್ಲ. ದೀಕ್ಷೆ ತಗೊಂಡ ಡಿಟ್ಟ್ ಮಿಷನ್ ಬಂಗಲೆಲಿ ಉಳಿಯಲಿಲ್ಲ, ತನ್ನ ಊರಿಗೇ ವಾಪಸ್ ಹೋದ. ಚರ್ಮ ಕೊಳ್ಳೋಕೆ ಅಂತ ಹಳ್ಳಿ ಹಳ್ಳಿ ತಿರುಗ್ತಾ ನೆಂಟರಿಗೆ, ಜಾತಿಯವರಿಗೆ ಹೇಳ್ತಾ ಹೋದ. ಮುಂದೆ ಆ ಸೀಮೆಯ ಚುಹ್ರಾಗಳು ಬಹುಪಾಲು ಆ ದಾರಿ ಹಿಡಿದ್ರು. ದಪ್ಪ ವರದಿಗಳಲ್ಲಿ ಪಾದ್ರಿಗಳ ಫೋಟೋ ಇರ್ತವೆ, ಕೆಲಸ ಮಾಡಿದ್ದು ಒಬ್ಬ ಚರ್ಮದ ವ್ಯಾಪಾರಿ. ಚರ್ಮ ಹದ ಮಾಡೋ ಮನೆಯಲ್ಲಿ ಹುಟ್ಟಿದ ನಮ್ಮಂಥೋರಿಗೆ ಈ ಹೆಸರು ಗೊತ್ತಿರಬೇಕು.

ನಮ್ಮ ಪಕ್ಕದ ಕಡಪಾ ಸೀಮೆಲೂ ಮಾಲರು ಪಲ್ಲೆಗೆ ಪಲ್ಲೆಯೇ ಹೋಗಿ ಲಂಡನ್ ಮಿಷನ್ ಸೇರಿದ್ರು. ಕನ್ನಡದ ಪಡುವಣ ತಾಲ್ಲೂಕುಗಳಲ್ಲಿ ಹಂಗೆ ಆಗಲಿಲ್ಲ. ಮಿಷನ್ನು ಬಳ್ಳಾರಿ ಪಟ್ಟಣದಲ್ಲಿ ಗಟ್ಟಿಯಾಯ್ತು, ನಮ್ಮ ಕಡೆ ಜಾತ್ರೆಲಿ ಪುಸ್ತಕ ಮಾರಿ, ಮಾತಾಡಿ ಹೋಗೋದೇ ಜಾಸ್ತಿ. 1876-78ರ ದೊಡ್ಡ ಬರದಲ್ಲಿ ನಮ್ಮ ಜಿಲ್ಲೆ ಹೆಣದ ರಾಶಿ ಆಯ್ತು. 1871ರ ಜನಗಣತಿಲಿ ಒಂಬತ್ತು ಲಕ್ಷದ ಮೇಲಿದ್ದ ಜನ 1881ಕ್ಕೆ ಏಳೂಕಾಲು ಲಕ್ಷಕ್ಕೆ ಇಳಿದ್ರು. ಭೂಮಿ ಇಲ್ಲದೋರೇ ಮೊದಲು ಸತ್ತಿರ್ತಾರೆ ಅಂತ ಹೇಳೋಕೆ ಸಂಶೋಧನೆ ಬೇಡ. ಗಂಜಿ ಕೇಂದ್ರದಿಂದ ಒಂದು ವರ್ಷ ಜೀವ ಉಳಿಯುತ್ತೆ, ಮುಂದಿನ ಬರಕ್ಕೆ ಮತ್ತೆ ಅದೇ ಪಾಳಿ. ಇದನ್ನ ಕಣ್ಣಿಗೆ ಬಿದ್ದಂತೆ ಹಿಡಿದೋರು ಬಳ್ಳಾರಿಯ ಮಿಷನ್ನಿನೋರಲ್ಲ, ಚೆಂಗಲ್ಪಟ್ಟಿನ ಸ್ಕಾಟ್ ಒಬ್ಬ.

ಅವನ ಹೆಸರು ಆಡಂ ಆಂಡ್ರೂ, ಅದೇ ಫ್ರೀ ಚರ್ಚಿನ ಪಾದ್ರಿ. ಮದ್ರಾಸಿಗೆ ಅಂಟಿಕೊಂಡಿದ್ದ ಚೆಂಗಲ್ಪಟ್ಟು ಜಿಲ್ಲೆಲಿ ಮಿರಾಸಿ ಅಂತ ಒಂದು ಪದ್ಧತಿ. ಊರಿನ ಭೂಮಿ ಮೇಲೆ, ಪಾಳು ಬಿದ್ದಿರೋದರ ಮೇಲೂ, ಮೊದಲ ಹಕ್ಕು ಮಿರಾಸಿದಾರರದ್ದು. ಬ್ರಾಹ್ಮಣರು, ವೆಲ್ಲಾಳರು. ಪರಯರು ಅವರ ಹೊಲದಲ್ಲಿ ಜೀತ. ಮದುವೆಗೆ ಅಂತ ಇಸ್ಕೊಂಡ ಹತ್ತಿಪ್ಪತ್ತು ರೂಪಾಯಿ ಸಾಲ ಮಗನ ತಲೆಗೂ ಬರೋದು. ಇನ್ನೊಂದು ಇದೆ ನೋಡ್ರಿ, ಇದೇ ಮುಖ್ಯ. ಅವರ ಗುಡಿಸಲು ನಿಂತ ಜಾಗವೂ ಮಿರಾಸಿದಾರಂದೇ. ಕೂಲಿ ಜಾಸ್ತಿ ಕೇಳಿದ್ರೆ, ಮಗನ್ನ ಶಾಲೆಗೆ ಕಳಿಸಿದ್ರೆ, ಪಾದ್ರಿ ಹತ್ರ ಹೋದ್ರೆ, 'ಗುಡಿಸಲು ಕಿತ್ಕೊಂಡು ಹೋಗು' ಅನ್ನೋ ಒಂದು ಮಾತು ಸಾಕಾಗಿತ್ತು.

ಕಾಗದದ ಮೇಲೆ ಪರಯನೂ ಸರ್ಕಾರಿ ಪಾಳು ಭೂಮಿಗೆ ದರಖಾಸ್ತು ಹಾಕಬಹುದಿತ್ತು. ಆಂಡ್ರೂ ಜನರನ್ನ ಕರ್ಕೊಂಡು ದರಖಾಸ್ತು ಹಾಕಿಸಿದ. ಪಕ್ಕದ ತಿರುವಳ್ಳೂರು ಕಡೆ ವೆಸ್ಲಿಯನ್ ಮಿಷನ್ನಿನ ವಿಲಿಯಂ ಗೌಡಿ ಅನ್ನೋನೂ ಅದೇ ಕೆಲಸ ಹಿಡಿದ. ಹೆಸರು ನೋಡಿ ನಮ್ಮ ಗೌಡರ ಪೈಕಿ ಅಂದ್ಕೋಬೇಡಿ, ಅವನೂ ಸ್ಕಾಟ್ಲೆಂಡಿನೋನು! ಆಗಿದ್ದೇನು? ಪರಯ ಅರ್ಜಿ ಹಾಕಿದ ಸುದ್ದಿ ಕಚೇರಿಯಿಂದಲೇ ಊರಿಗೆ ಮುಟ್ಟೋದು. ಮಿರಾಸಿದಾರ ಬಂದು ಅದು ನನಗೆ ಬೇಕು ಅನ್ನೋನು, ಅವನಿಗೇ ಮೊದಲ ಹಕ್ಕು. ಇಲ್ಲಾ ದನ ಮೇಯೋ ಜಾಗ, ಕೆರೆ ಒಳಗಿನ ಜಾಗ ಅಂತ ತಕರಾರು. ಹತ್ತಾರು ವರ್ಷ ಖಾಲಿ ಬಿದ್ದಿದ್ದ ಜಾಗ, ನಮ್ಮೋನು ಅರ್ಜಿ ಹಾಕಿದ ದಿನವೇ ಎಲ್ಲರಿಗೂ ಬೇಕಾಗೋದು. ಟೇಬಲ್ ಈ ಕಡೆ ಕೂತು ಕೆಲಸ ಮಾಡೋನಾಗಿ ಹೇಳ್ತೀನಿ, ನೂರಾ ಮೂವತ್ತು ವರ್ಷದಲ್ಲಿ ಈ ಆಟದ ನಿಯಮ ಬಹಳ ಬದಲಾಗಿಲ್ಲ. ಗೋಮಾಳ ಅನ್ನೋ ಪದ ಹಾಕಿ ಓದಿಕೊಳ್ಳಿ, ಅಷ್ಟೇ.

ಪಾದ್ರಿಗಳು ಸುಮ್ಮನಾಗಲಿಲ್ಲ. ಅರ್ಜಿ ಮೇಲೆ ಅರ್ಜಿ, ಪತ್ರಿಕೆಗೆ ಕಾಗದ, ಸಮುದ್ರದ ಆಚೆ ಇರೋ ತಮ್ಮ ಸಭೆಗಳಿಗೆ ವರದಿ. ಸ್ಕಾಟ್ಲೆಂಡಿನ ಯಾವುದೋ ಊರಲ್ಲಿ ಭಾನುವಾರ ಕಾಣಿಕೆ ಹಾಕೋ ಜನಕ್ಕೆ ಚೆಂಗಲ್ಪಟ್ಟಿನ ಜೀತ ಗೊತ್ತಾದ್ರೆ ಅದು ಮದ್ರಾಸ್ ಸರ್ಕಾರಕ್ಕೂ ಚುರುಕು ಮುಟ್ಟುತ್ತೆ. ಇದನ್ನ ನಾವು ಕಲೀಬೇಕು. ತಹಶೀಲ್ದಾರ್ ಕೇಳದಿದ್ರೆ ಅವನ ಮೇಲಿನೋನ ಮೇಲಿನೋನಿಗೆ ಕೇಳಿಸೋ ಹಂಗೆ ಕೂಗಬೇಕು ಅಂತ ಅವರಿಗೆ ಗೊತ್ತಿತ್ತು. ಅದೇ ಹೊತ್ತಿಗೆ, 1891ರಲ್ಲಿ, ನಮ್ಮ ಪಂಡಿತ ಅಯೋತಿ ದಾಸರು ನೀಲಗಿರಿಯಲ್ಲಿ ದ್ರಾವಿಡ ಮಹಾಜನ ಸಭೆ ಕಟ್ಟಿದ್ರು, ರೆಟ್ಟಮಲೈ ಶ್ರೀನಿವಾಸನ್ ಪರಯರ್ ಮಹಾಜನ ಸಭೆ ಕಟ್ಟೋದ್ರಲ್ಲಿದ್ರು. ಹಂಗಾಗಿ ಎಲ್ಲಾ ಕೀರ್ತಿನ ಪಾದ್ರಿಗಳ ಖಾತೆಗೆ ಬರೆಯೋಕೆ ನಾನು ತಯಾರಿಲ್ಲ.

ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಇದನ್ನೆಲ್ಲಾ ತಾನೇ ವಿಚಾರಿಸಿ 1891ರಲ್ಲಿ ಪರಯರ ಸ್ಥಿತಿ ಬಗ್ಗೆ ಒಂದು ಟಿಪ್ಪಣಿ ಬರೆದ. ಜೀತ, ಮನೆ ಜಾಗ, ದರಖಾಸ್ತಿನ ಮೋಸ, ಶಾಲೆ ಎಲ್ಲಾ ಬಂತು. ಮೇಲಿನ ರೆವಿನ್ಯೂ ಬೋರ್ಡಿಗೆ ಇದು ರುಚಿಸಲಿಲ್ಲ, ಅಷ್ಟೇನೂ ಕಷ್ಟ ಇಲ್ಲ ಅನ್ನೋ ಧಾಟಿ. ಮಿರಾಸಿದಾರರು 'ಇದೆಲ್ಲಾ ಮತಾಂತರದ ಹುನ್ನಾರ' ಅಂದ್ರು. ಆ ಮಾತಲ್ಲಿ ಸ್ವಲ್ಪ ನಿಜವೂ ಇತ್ತು, ಆಂಡ್ರೂಗೆ ತನ್ನ ಸಭೆ ಬೆಳೀಬೇಕು ಅನ್ನೋದು ಇದ್ದೇ ಇತ್ತು. ಮೆಲ್ರೋಸಾಪುರಂ ಅಂತ, ಸ್ಕಾಟ್ಲೆಂಡಿನ ಮೆಲ್ರೋಸ್ ಊರಿನ ಹೆಸರಿಟ್ಟು, ಅವನ ಮಿಷನ್ನು ಒಂದು ನೆಲೆಯನ್ನೇ ಕಟ್ಟಿತು. ಆದ್ರೆ ಒಬ್ಬ ಮನುಷ್ಯನಿಗೆ ತನ್ನ ಗುಡಿಸಲಿನ ಜಾಗ ತನ್ನದಾದ್ರೆ ಅವನು ಯಾವ ದೇವರಿಗೆ ಕೈ ಮುಗೀತಾನೆ ಅಂತ ಧಣಿಗೆ ಯಾಕೆ ಚಿಂತೆ? ಅವನಿಗಿದ್ದ ಭಯ ದೇವರದ್ದಲ್ಲ, ಕೂಲಿಯದ್ದು.

ಕೊನೆಗೆ 1892ರ ಆದೇಶ ಬಂತು. ಕೇಳಿದ್ದೆಲ್ಲಾ ಸಿಗಲಿಲ್ಲ, ಟ್ರೆಮೆನ್‌ಹೀರ್ ಬರೆದಿದ್ದನ್ನ ಬಹಳ ಮೊಟಕು ಮಾಡಿದ್ರು. ಆದ್ರೂ ಈ ಜನಕ್ಕೆ ಅಂತಲೇ ಭೂಮಿ ತೆಗೆದಿಡಬೇಕು ಅನ್ನೋದು ಸರ್ಕಾರಿ ಕಡತಕ್ಕೆ ಬಂತು. ಮುಂದೆ ನಿಯಮಗಳು ಬೆಳೆದ್ವು. ಕೊಟ್ಟ ಭೂಮಿನ ಇಂತಿಷ್ಟು ವರ್ಷ ಮಾರೋ ಹಂಗಿಲ್ಲ, ಆಮೇಲೂ ಬೇರೆ ಜಾತಿಯೋರಿಗೆ ಮಾರೋ ಹಂಗಿಲ್ಲ ಅನ್ನೋ ಷರತ್ತು ಸೇರಿತು. 1920ರಿಂದ ಈ ಕೆಲಸ ಲೇಬರ್ ಕಮಿಷನರ್ ಕೈಗೆ ಬಂತು. ಎಂ.ಸಿ. ರಾಜಾ ಆಗ ಮದ್ರಾಸ್ ಶಾಸನ ಸಭೆಲಿ ನಮ್ಮ ಪರವಾಗಿ ಕೂತಿದ್ರು. ಒಟ್ಟು ಹನ್ನೆರಡು ಲಕ್ಷ ಎಕರೆ ಹಂಚಿದ್ರು ಅಂತ ತಮಿಳುನಾಡಿನ ಹೋರಾಟಗಾರರು ಹೇಳ್ತಾರೆ. ಅದರಲ್ಲಿ ಬಹುಪಾಲು ಈಗ ಬೇರೆಯೋರ ಕೈಲಿದೆ ಅಂತಲೂ ಅವರೇ ಹೇಳ್ತಾರೆ. 1994ರ ಅಕ್ಟೋಬರ್ 10ರಂದು ಅದೇ ಚೆಂಗಲ್ಪಟ್ಟಿನ ಕಾರಣೈ ಪಂಚಮಿ ಭೂಮಿ ಹೋರಾಟದಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಸತ್ರು. ಜಾನ್ ಥಾಮಸ್, ಏಳುಮಲೈ. ಹೆಸರು ಎರಡು ಥರ, ಭೂಮಿ ಒಂದೇ. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನ ಪರಿಶಿಷ್ಟರ ಪಟ್ಟಿಯಿಂದ ಹೊರಗೆ ಇಟ್ಟಿದೆ. ಗುಂಡಿಗೆ ಆ ಪಟ್ಟಿ ಗೊತ್ತಿರಲಿಲ್ಲ.

ಮಿಷನ್ನಿನ ಕಥೆ ಆಮೇಲೆ ಏನಾಯ್ತು ಅಂದ್ರೆ, 1908ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಗಳೂ ನಮ್ಮ ಬಳ್ಳಾರಿಯ ಲಂಡನ್ ಮಿಷನ್ ಸಭೆಗಳೂ ದಕ್ಷಿಣ ಭಾರತ ಐಕ್ಯ ಸಭೆ ಅಂತ ಒಂದಾದ್ವು. 1947ರ ಸೆಪ್ಟೆಂಬರ್ 27ಕ್ಕೆ ಇನ್ನೂ ಕೆಲವರು ಕೂಡಿ ಸಿ.ಎಸ್.ಐ. ಆಯ್ತು. ಬಿಷಪ್ ಬೇಡ ಅಂದೋರು ಬಿಷಪ್ಪನ್ನ ಒಪ್ಪಿಕೊಂಡ್ರು. ಇವತ್ತು ಅಲ್ಲಿ ನಮ್ಮವರೇ ಹೆಚ್ಚು, ಆದ್ರೂ ಆಸ್ತಿ, ಅಧಿಕಾರ ಯಾರ ಕೈಲಿದೆ ಅಂತ ದಲಿತ ಕ್ರೈಸ್ತ ಗೆಳೆಯರೇ ಕೇಳ್ತಾ ಇದ್ದಾರೆ. ಅದು ಅವರ ಜಗಳ, ಅವರೇ ಬರೀಲಿ.

ನಮ್ಮ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಇದೆ, 1978ರದ್ದು, 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಷರತ್ತು ಮುರಿದು ಕೊಂಡಿದ್ರೆ ಆ ಮಾರಾಟ ಅಸಿಂಧು, ಎ.ಸಿ. ಕೋರ್ಟಿಗೆ ಅರ್ಜಿ ಹಾಕಿ ವಾಪಸ್ ಪಡೀಬಹುದು. 1984ರಲ್ಲಿ ಸುಪ್ರೀಂ ಕೋರ್ಟ್ ಮಂಚೇಗೌಡ ಕೇಸಲ್ಲಿ ಇದನ್ನ ಎತ್ತಿಹಿಡೀತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಲ್ಲಿ 'ಬಹಳ ತಡವಾಗಿ ಬಂದ್ರೆ ಆಗಲ್ಲ' ಅಂದ್ಮೇಲೆ ನಮ್ಮ ಸಾವಿರಾರು ಕುಟುಂಬಗಳ ಕೇಸು ಬಿದ್ದು ಹೋದ್ವು. ಹೋರಾಟ ಮಾಡಿ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತಂದಿದ್ದೀವಿ. ಕೋರ್ಟಿನಲ್ಲಿ ಅದರ ಮೇಲೆ ಇನ್ನೂ ವಾದ ನಡೀತಾನೇ ಇದೆ, ಹಂಗಾಗಿ ತಡ ಮಾಡೋದು ಬೇಡ.

ನಮ್ಮ ಐದು ತಾಲ್ಲೂಕಿನ ತೊಡಕು ಇದು. ಮೈಸೂರು ಸೀಮೆಯ ವಕೀಲರು ಮೈಸೂರಿನ ಹಳೇ ಮಂಜೂರಾತಿ ನಿಯಮ ಹಿಡ್ಕೊಂಡು ವಾದ ಮಾಡ್ತಾರೆ. 1953ಕ್ಕೆ ಮುಂಚಿನ ನಮ್ಮ ಮಂಜೂರಾತಿಗೆ ಅದು ಲಾಗೂ ಆಗಲ್ಲ. ನಮ್ಮದು ಮದ್ರಾಸಿನ ಬೋರ್ಡ್ ಸ್ಟ್ಯಾಂಡಿಂಗ್ ಆರ್ಡರ್ 15, ದರಖಾಸ್ತು ನಿಯಮ. ಎಷ್ಟು ವರ್ಷದ ಷರತ್ತು, ಯಾರಿಗೆ ಮಾರಬಾರದು ಅನ್ನೋದೆಲ್ಲಾ ಆ ಮಂಜೂರಾತಿ ಆದೇಶದ ಕಾಗದದಲ್ಲೇ ಇರುತ್ತೆ. ನಮ್ಮ ಸಂಘಕ್ಕೆ ಬರೋ ಹತ್ತು ಕುಟುಂಬದಲ್ಲಿ ಎಂಟರ ಹತ್ರ ಅದೇ ಇರಲ್ಲ. ಈಗಿನ ಪಹಣಿ ಪ್ರಿಂಟ್ ಹಿಡ್ಕೊಂಡು ಬರ್ತಾರೆ, ಅದರಲ್ಲಿ ಕೊಂಡೋನ ಹೆಸರು ಬಿಟ್ರೆ ಇನ್ನೇನಿರುತ್ತೆ?

ಮಾಡಬೇಕಾದ್ದು ಹೇಳ್ತೀನಿ, ಸ್ಕ್ರೀನ್‌ಶಾಟ್ ತಗೊಳ್ಳಿ. ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಡಿ, ಸ್ವೀಕೃತಿ ಇಸ್ಕೊಳ್ಳದೇ ಬರಬೇಡಿ. ಕೈಬರಹದ ಹಳೇ ಪಹಣಿ, ದರಖಾಸ್ತು ರಿಜಿಸ್ಟರ್, ಮಂಜೂರಾತಿ ಆದೇಶ, ಮ್ಯುಟೇಶನ್ ಎಲ್ಲಾ ಬೇರೆ ಬೇರೆ ಕೇಳಿ, ಒಂದೇ ಅರ್ಜಿಲಿ 'ಎಲ್ಲಾ ದಾಖಲೆ ಕೊಡಿ' ಅಂತ ಬರೆದ್ರೆ 'ಲಭ್ಯವಿಲ್ಲ' ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ. 1953ಕ್ಕೆ ಮುಂಚಿನದಾದ್ರೆ ಬಳ್ಳಾರಿ ಜಿಲ್ಲಾ ಕಚೇರಿಗೂ ಒಂದು ಅರ್ಜಿ ಹಾಕಿ, ವಿಜಯನಗರ ಜಿಲ್ಲೆ ಆಯ್ತಲ್ಲ ಅಂತ ಹೊಸಪೇಟೆಲೇ ಸುತ್ತಬೇಡಿ. ಹರಪನಹಳ್ಳಿಯೋರು ದಾವಣಗೆರೆಲೂ ವಿಚಾರಿಸಿ. ಇಲ್ಲ ಅಂದ್ರೆ ಇಲ್ಲ ಅಂತ ಬರೆದು ಕೊಡಲಿ, ಮಾಹಿತಿ ಹಕ್ಕಿನ ಮೇಲ್ಮನವಿಗೆ ಆ ಚೀಟಿ ಬೇಕಾಗುತ್ತೆ. ಅಜ್ಜಿಯರ ಟ್ರಂಕು, ಗೋಡೆ ಗೂಡು ಒಂದ್ಸಲ ಹುಡುಕಿ. ಮದ್ರಾಸ್ ಕಾಲದ ಕಾಗದ ಇಂಗ್ಲಿಷಲ್ಲೋ ತೆಲುಗಲ್ಲೋ ಇದ್ರೂ ಇರಬಹುದು, ಓದೋಕೆ ಬರಲ್ಲ ಅಂತ ಒಲೆಗೆ ಹಾಕಬೇಡಿ.

ಸಿಕ್ಕಿದ್ದನ್ನ ಫೋಟೋ ತೆಗೆದು ನನಗೆ ಇನ್‌ಬಾಕ್ಸ್ ಮಾಡಿ, ಕಾಮೆಂಟಲ್ಲಿ ಹಾಕಬೇಡಿ. ಭಾನುವಾರ ನನಗೆ ರಜೆ, ಕೂತು ಓದಿ ಹೇಳ್ತೀನಿ.

ಜೈಭೀಮ್.